ಜಿಆರ್‌ಬಿಎಲ್, ಮ್ಯಾಕ್3, ಲಿನಕ್ಸ್‌ಸಿಎನ್‌ಸಿ: ಯಂತ್ರ ಕೈಕೊಟ್ಟಾಗ ಯಾವುದು ಬಾಯಿ ಬಿಡುತ್ತದೆ?

ಹವ್ಯಾಸಿ ಸಿಎನ್‌ಸಿಗೆ (ಕಂಪ್ಯೂಟರ್ ಹೇಳಿದಂತೆ ಕೆತ್ತುವ ಯಂತ್ರಕ್ಕೆ) ಯಾವ ಕಂಟ್ರೋಲರ್ ಹಾಕಬೇಕು ಎಂದು ಕೇಳಿದರೆ ಎಲ್ಲರೂ ವೇಗ, ಆಕ್ಸಿಸ್, ಬೆಲೆ ಇಷ್ಟನ್ನೇ ಲೆಕ್ಕ ಹಾಕುತ್ತಾರೆ. ಎಲ್ಲ ಸರಿಯಾಗಿ ಓಡುತ್ತಿರುವಾಗ ಸಣ್ಣ ರೂಟರ್ (ಕೆತ್ತುವ ಯಂತ್ರ) ಮೇಲೆ ಜಿಆರ್‌ಬಿಎಲ್, ಮ್ಯಾಕ್3, ಲಿನಕ್ಸ್‌ಸಿಎನ್‌ಸಿ ಎಂಬ ಮೂರು ಕಂಟ್ರೋಲರ್ ಸಾಫ್ಟ್‌ವೇರ್‌ಗಳ ಕೆಲಸದಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ. ನಿಜವಾದ ವ್ಯತ್ಯಾಸ ಇರುವುದು ಕೆಟ್ಟಾಗ. ತಪ್ಪು ಎಲ್ಲಿದೆ ಎಂದು ಒಂದು ಥಟ್ಟನೆ ಹೇಳುತ್ತದೆ, ಒಂದು ಸುಮ್ಮನಿರುತ್ತದೆ, ಇನ್ನೊಂದು ಹೇಳುವುದೆಲ್ಲ ಹೇಳಿಯೂ ನಮಗೆ ಅರ್ಥವಾಗದಂತೆ ಹೇಳುತ್ತದೆ. ಇಲ್ಲಿ ಹೋಲಿಸಿರುವುದು ಅದನ್ನೇ.

ಮೂರನ್ನೂ ಕಟ್ಟಿ ನೋಡಿದ್ದು ಒಂದೇ ಯಂತ್ರಕ್ಕೆ: ಆಲ್ಯುಮಿನಿಯಂ ಫ್ರೇಮಿನ ರೂಟರ್, 1605 ಬಾಲ್ ಸ್ಕ್ರೂ (ಆಕ್ಸಿಸ್ ಸರಿಸುವ ತಿರುಪು), ನೆಮಾ 23 ಸ್ಟೆಪ್ಪರ್ ಮೋಟರ್ (ಪಲ್ಸ್‌ಗೊಂದು ಹೆಜ್ಜೆ, ಅಂದರೆ ಸ್ಟೆಪ್, ತಿರುಗುವಂಥದ್ದು), 36 ವೋಲ್ಟ್ ಸಪ್ಲೈ, ಪಲ್ಸ್ ಪಡೆದು ಮೋಟರ್ ತಿರುಗಿಸುವ ಡಿಎಂ542 ಡ್ರೈವ್, ವಿಎಫ್‌ಡಿಯಿಂದ (ವೇಗ ಹೊಂದಿಸುವ ವಿದ್ಯುತ್ ಪೆಟ್ಟಿಗೆ) ಓಡುವ ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟರ್). ಡ್ರೈವ್ 8 ಮೈಕ್ರೊಸ್ಟೆಪ್‌ನಲ್ಲಿದೆ, ಮೋಟರಿನ ಒಂದೊಂದು ಹೆಜ್ಜೆಯನ್ನೂ ಎಂಟು ತುಂಡು ಮಾಡುತ್ತದೆ. ಅಂದರೆ ಒಂದು ಸುತ್ತಿಗೆ 1600 ಪಲ್ಸ್, ಸ್ಕ್ರೂ ಲೀಡ್ (ಒಂದು ಸುತ್ತಿನಲ್ಲಿ ಸರಿಯುವ ದೂರ) 5 ಮಿಮೀ, ಹಾಗಾಗಿ ಮಿಲಿಮೀಟರ್‌ಗೆ 320 ಸ್ಟೆಪ್. ಜಿಆರ್‌ಬಿಎಲ್ 1.1 ಆರ್ಡುಯಿನೊ ಊನೊ ಎಂಬ ಪುಟ್ಟ ಬೋರ್ಡ್ ಮೇಲೆ, ಮ್ಯಾಕ್3 ಮತ್ತು ಲಿನಕ್ಸ್‌ಸಿಎನ್‌ಸಿ ಪ್ಯಾರಲಲ್ ಪೋರ್ಟ್ ಇರುವ ಹಳೆಯ ಡೆಸ್ಕ್‌ಟಾಪ್ ಮೇಲೆ. ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಸಿಗುವ ಹಳೆಯ ಆಫೀಸ್ ಡೆಸ್ಕ್‌ಟಾಪ್ ಈ ಕೆಲಸಕ್ಕೆ ಸಾಕು. ಲ್ಯಾಪ್‌ಟಾಪ್ ಮಾತ್ರ ಬೇಡ. ಅದರ ಪವರ್ ಉಳಿತಾಯದ ವ್ಯವಸ್ಥೆ ಪಲ್ಸ್‌ಗಳ ನಡುವಿನ ಅಂತರವನ್ನು ಕೆಡಿಸುತ್ತದೆ.

ಮೊದಲು ವೇಗದ ಲೆಕ್ಕ ಮುಗಿಸೋಣ. ಊನೊ ಮೇಲಿನ ಜಿಆರ್‌ಬಿಎಲ್ ಸೆಕೆಂಡಿಗೆ 30,000 ಸ್ಟೆಪ್ ಕೊಡುತ್ತದೆ. 320ರಿಂದ ಭಾಗಿಸಿ 60ರಿಂದ ಗುಣಿಸಿದರೆ ನಿಮಿಷಕ್ಕೆ 5625 ಮಿಮೀ. ಮ್ಯಾಕ್3 25 ಕಿಲೊಹರ್ಟ್ಸ್‌ನಲ್ಲಿ 4687. ಲಿನಕ್ಸ್‌ಸಿಎನ್‌ಸಿಯ ಬೇಸ್ ಪೀರಿಯಡ್ (ಪಲ್ಸ್‌ಗಳ ನಡುವಿನ ಅತಿ ಚಿಕ್ಕ ಅಂತರ) 50 ಮೈಕ್ರೊಸೆಕೆಂಡ್ ಇದ್ದರೆ 3750. ಈ ಫ್ರೇಮಿಗೆ ನಿಮಿಷಕ್ಕೆ 3000 ಸಾಕು, ಆದ್ದರಿಂದ ಮೂರೂ ಪಾಸ್. ಡ್ರೈವ್ ಅನ್ನು 32 ಮೈಕ್ರೊಸ್ಟೆಪ್‌ಗೆ ಏರಿಸಿದರೆ ಈ ಅಂಕಿಗಳೆಲ್ಲ ಕಾಲು ಭಾಗಕ್ಕಿಳಿಯುತ್ತವೆ. ಆಮೇಲೆ ಕಂಟ್ರೋಲರ್ ನಿಧಾನ ಎಂದು ಬೈದು ಪ್ರಯೋಜನವಿಲ್ಲ.

ಸ್ಟೆಪ್ ತಪ್ಪುವುದು

ಅತಿ ಹೆಚ್ಚು ತಲೆ ತಿನ್ನುವ ತೊಂದರೆ ಇದೇ. ಈ ವಿಷಯದಲ್ಲಿ ಮೂರೂ ಕುರುಡು. ಎನ್‌ಕೋಡರ್ (ನಿಜಕ್ಕೂ ಎಷ್ಟು ತಿರುಗಿತು ಎಂದು ಅಳೆಯುವ ಸಾಧನ) ಇಲ್ಲದ ಸ್ಟೆಪ್ಪರ್‌ನಲ್ಲಿ ಪರದೆ ತೋರಿಸುವುದು ಕಳಿಸಿದ ಸ್ಟೆಪ್‌ಗಳ ಲೆಕ್ಕ, ಯಂತ್ರ ಎಲ್ಲಿದೆ ಎಂಬುದಲ್ಲ. ಹಾಗಾಗಿ ಡಯಲ್ ಗೇಜ್ (ಕೂದಲೆಳೆಯಷ್ಟು ಸರಿದದ್ದನ್ನೂ ಮುಳ್ಳಿನಲ್ಲಿ ತೋರಿಸುವ ಸಾಧನ) ಇಲ್ಲದೆ ಈ ತಪ್ಪಿನ ಜಾಡು ಹಿಡಿಯಲು ಆಗದು. (ಆಲ್ಯುಮಿನಿಯಂ ಬೆಡ್‌ಗೆ ಗೇಜಿನ ಮ್ಯಾಗ್ನೆಟಿಕ್ ಬೇಸ್ ಅಂಟುವುದಿಲ್ಲ. ಒಂದು ಕಬ್ಬಿಣದ ಪಟ್ಟಿಯನ್ನು ಕ್ಲಾಂಪ್ ಮಾಡಿ ಅದರ ಮೇಲೆ ಕೂರಿಸಿ.)

ಎರಡು ಪುಟ್ಟ ಪ್ರೋಗ್ರಾಂ ಬರೆದುಕೊಳ್ಳಿ. ಮೊದಲನೆಯದು 100 ಮಿಮೀ ದೂರಕ್ಕೆ ನಿಮಿಷಕ್ಕೆ 3000ದಲ್ಲಿ ಹೋಗಿ ಬರುವುದು, 10 ಸಲ. ಎರಡನೆಯದು 1 ಮಿಮೀ ಹೋಗಿ ಬರುವುದು, ನಿಮಿಷಕ್ಕೆ 300ರಲ್ಲಿ, 200 ಸಲ. ಗೇಜ್ ಸೊನ್ನೆಗಿಟ್ಟು ಓಡಿಸಿ, ಕೊನೆಗೆ ಮುಳ್ಳು ಎಲ್ಲಿ ನಿಂತಿದೆ ನೋಡಿ. ಮೊದಲನೆಯದು ಮಾತ್ರ ತಪ್ಪಿದರೆ ಮೋಟರ್‌ಗೆ ಕಸುವು ಸಾಲುತ್ತಿಲ್ಲ. ಆಕ್ಸಲರೇಶನ್ ಅರ್ಧಕ್ಕಿಳಿಸಿ, ಡ್ರೈವ್ ಕರೆಂಟ್ ಸ್ವಿಚ್ ನೋಡಿ, ಸ್ಕ್ರೂ ಎಲ್ಲಾದರೂ ಬಿಗಿಯುತ್ತಿದೆಯೇ ಎಂದು ಕೈಯಲ್ಲಿ ತಿರುಗಿಸಿ ನೋಡಿ. ಎರಡೂ ಸರಿ ಬಂದು ಕೆಲಸ ಮಾತ್ರ ಕೆಡುತ್ತಿದ್ದರೆ ಮೋಟರನ್ನು ಸ್ಕ್ರೂಗೆ ಜೋಡಿಸುವ ಕಪ್ಲಿಂಗಿನ ಗ್ರಬ್ ಸ್ಕ್ರೂ ಅಥವಾ ಬಿಟ್ ಹಿಡಿಯುವ ಕೊಲೆಟ್‌ನಿಂದ ಜಾರುವ ಬಿಟ್ ಮೇಲೆ ಅನುಮಾನ ಪಡಿ.

ಎರಡನೆಯ ಪ್ರೋಗ್ರಾಂ ತಪ್ಪಿದರೆ ಕಥೆ ಬೇರೆ. ಅಷ್ಟು ನಿಧಾನದಲ್ಲಿ ಮೋಟರ್ ಸೋಲುವುದಿಲ್ಲ. ಮುಳ್ಳು ಪ್ರತಿ ಸಲ ಒಂದೇ ಕಡೆಗೆ ಸರಿಯುತ್ತಿದ್ದರೆ ದಿಕ್ಕಿನ ಸಿಗ್ನಲ್ ಡ್ರೈವ್‌ಗೆ ತಡವಾಗಿ ತಲುಪುತ್ತಿದೆ ಎಂದರ್ಥ. ಡಿಎಂ542ಗೆ ದಿಕ್ಕಿನ ಸಿಗ್ನಲ್ ಸ್ಟೆಪ್ ಪಲ್ಸ್‌ಗಿಂತ 5 ಮೈಕ್ರೊಸೆಕೆಂಡ್ ಮೊದಲೇ ಬಂದಿರಬೇಕು. ಒಳಗಿನ ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಬಿಡಿಭಾಗ) ಆನ್ ಆಗುವ ವೇಗವೂ ಆಫ್ ಆಗುವ ವೇಗವೂ ಒಂದೇ ಅಲ್ಲ. ಹಾಗಾಗಿ ಒಂದು ಕಡೆ ತಿರುಗುವಾಗ ಸರಿ, ಇನ್ನೊಂದು ಕಡೆ ತಿರುಗುವಾಗ ಮೊದಲ ಸ್ಟೆಪ್ ಹಳೆಯ ದಿಕ್ಕಿಗೇ ಬೀಳುತ್ತದೆ. ಒಮ್ಮೆ ಹೋಗಿ ಬಂದರೆ ಎರಡು ಮೈಕ್ರೊಸ್ಟೆಪ್ ತಪ್ಪು, ಅಂದರೆ 0.00625 ಮಿಮೀ. ಏನೂ ಅಲ್ಲ ಅನಿಸುತ್ತದೆ, 200 ಸಲ ಹೋಗಿ ಬಂದರೆ 1.25 ಮಿಮೀ ಆಗುತ್ತದೆ. ಸಾವಿರಾರು ತಿರುವುಗಳಿರುವ ಕೆತ್ತನೆ ಓರೆಯಾಗುತ್ತಾ ಹೋಗುವುದು ಹೀಗೆಯೇ.

ಇದನ್ನು ಸರಿಪಡಿಸುವ ದಾರಿ ಮೂರರಲ್ಲೂ ಬೇರೆ. ಲಿನಕ್ಸ್‌ಸಿಎನ್‌ಸಿಯ ಸ್ಟೆಪ್‌ಕಾನ್ಫ್ (ಸೆಟ್ಟಿಂಗ್ ಮಾಡಿಕೊಡುವ ಪ್ರೋಗ್ರಾಂ) ಮೊದಲ ಪುಟಗಳಲ್ಲೇ ನಾಲ್ಕು ಸಮಯಗಳನ್ನು ನ್ಯಾನೊಸೆಕೆಂಡಿನಲ್ಲಿ ಕೇಳುತ್ತದೆ. ಸ್ಟೆಪ್ ಟೈಮ್ 2500, ಸ್ಟೆಪ್ ಸ್ಪೇಸ್ 2500, ಡೈರೆಕ್ಷನ್ ಹೋಲ್ಡ್ ಮತ್ತು ಸೆಟಪ್ ತಲಾ 5000 ಕೊಟ್ಟರೆ ಮುಗಿಯಿತು. ಮ್ಯಾಕ್3ನಲ್ಲಿ ಮೋಟರ್ ಟ್ಯೂನಿಂಗ್ ಪುಟದಲ್ಲಿ ಸ್ಟೆಪ್ ಪಲ್ಸ್, ಡೈರ್ ಪಲ್ಸ್ ಎರಡಕ್ಕೂ 5 ಕೊಡಿ, ಪ್ರತಿ ಆಕ್ಸಿಸ್‌ಗೂ ಸೇವ್ ಗುಂಡಿ ಒತ್ತಿ. ಒತ್ತದೆ ಮುಂದಿನ ಆಕ್ಸಿಸ್‌ಗೆ ಹೋದರೆ ಬದಲಾವಣೆ ಉಳಿಯುವುದಿಲ್ಲ. ಜಿಆರ್‌ಬಿಎಲ್‌ನಲ್ಲಿ ಇದಕ್ಕೆ ಸೆಟ್ಟಿಂಗೇ ಇಲ್ಲ. ಅದು ದಿಕ್ಕನ್ನು ಬದಲಿಸಿದ ಬೆನ್ನಿಗೇ ಸ್ಟೆಪ್ ಕಳಿಸುತ್ತದೆ. ಕಾನ್ಫಿಗ್ ಫೈಲಿನಲ್ಲಿ ಸ್ಟೆಪ್ ಪಲ್ಸ್ ಡಿಲೇ ಎಂಬ ಸಾಲನ್ನು ಚಾಲೂ ಮಾಡಿ ಮತ್ತೆ ಕಂಪೈಲ್ ಮಾಡುವುದು ನೇರ ದಾರಿ. ಕಂಪೈಲ್ ಬೇಡವೆಂದರೆ ಒಂದು ಉಪಾಯವಿದೆ: ಡ್ರೈವಿನ ಪಲ್ಸ್ ಮೈನಸ್‌ಗಳು ಗ್ರೌಂಡ್‌ಗೆ, ಪ್ಲಸ್‌ಗಳು ಊನೊ ಪಿನ್‌ಗೆ ಇರುವ ವೈರಿಂಗ್‌ನಲ್ಲಿ $2=7 ಕೊಡಿ. ಆಗ ಪಲ್ಸ್ ತಲೆಕೆಳಗಾಗಿ, ಡ್ರೈವ್ ಎಣಿಸುವ ಅಂಚು $0ಯಲ್ಲಿರುವ (ಪಲ್ಸ್ ಎಷ್ಟು ಹೊತ್ತು ಇರಬೇಕೆಂಬ ಸೆಟ್ಟಿಂಗ್) 10 ಮೈಕ್ರೊಸೆಕೆಂಡ್ ಕಳೆದ ಮೇಲೆ ಬರುತ್ತದೆ. ದಿಕ್ಕಿಗೆ ಬೇಕಾದ ಬಿಡುವು ಪುಕ್ಕಟೆಯಾಗಿ ಸಿಕ್ಕಿತು.

ಗದ್ದಲ, ಸುಳ್ಳು ಲಿಮಿಟ್

ಸ್ಪಿಂಡಲ್ ಆನ್ ಮಾಡಿದ ಕ್ಷಣವೇ ಯಂತ್ರ ನಿಂತು ಬಿಡುವುದು ಎರಡನೇ ದೊಡ್ಡ ಕಾಟ. ವೈರ್‌ನಲ್ಲಿ ಎದ್ದ ವಿದ್ಯುತ್ ಗದ್ದಲವನ್ನೇ ಕಂಟ್ರೋಲರ್ ಲಿಮಿಟ್ ಸ್ವಿಚ್ (ಆಕ್ಸಿಸ್ ಕೊನೆ ಮುಟ್ಟಿತೆಂದು ಹೇಳುವ ಸ್ವಿಚ್) ಒತ್ತಿದಂತೆ ಓದುತ್ತದೆ. ಇಲ್ಲಿ ಜಿಆರ್‌ಬಿಎಲ್ ಅತಿ ನಾಜೂಕು. ಊನೊದ ಒಳಗಿನ ಪುಲ್‌ಅಪ್ (ಪಿನ್ ಅನ್ನು 5 ವೋಲ್ಟ್‌ಗೆ ಎಳೆದಿಡುವ ರೆಸಿಸ್ಟರ್) 20ರಿಂದ 50 ಕಿಲೊಓಮ್, ಉದ್ದನೆಯ ಲಿಮಿಟ್ ವೈರ್ ವಿಎಫ್‌ಡಿ ಕೇಬಲ್ ಪಕ್ಕದಲ್ಲಿ ಹೋದರೆ ಅಷ್ಟೇ ಸಾಕು, ಅಲಾರ್ಮ್ 1 (ಲಿಮಿಟ್ ಮುಟ್ಟಿತು). ಆದರೆ ಅದು ಬಾಯಿ ಬಿಡುತ್ತದೆ ಎನ್ನುವುದು ನಿಜ: ಪ್ರಶ್ನಾರ್ಥಕ ಚಿಹ್ನೆ ಕಳಿಸಿದರೆ ಬರುವ ಸ್ಟೇಟಸ್ ಸಾಲಿನ 'ಪಿಎನ್' ಭಾಗದಲ್ಲಿ ಯಾವ ಪಿನ್ ಒತ್ತಿದಂತಿದೆ ಎಂದು ಕಾಣುತ್ತದೆ. ಮದ್ದು ಅಗ್ಗ. ಪ್ರತಿ ಲಿಮಿಟ್ ಪಿನ್‌ನಿಂದ 5 ವೋಲ್ಟ್‌ಗೆ 4.7 ಕಿಲೊಓಮ್ ರೆಸಿಸ್ಟರ್, ಪಿನ್‌ನಿಂದ ಗ್ರೌಂಡ್‌ಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್, ಸ್ವಿಚ್‌ಗಳು ನಾರ್ಮಲಿ ಕ್ಲೋಸ್ಡ್ (ಒತ್ತದಿದ್ದಾಗ ಸಂಪರ್ಕ ಇರುವಂಥವು), ಅದಕ್ಕೆ ತಕ್ಕಂತೆ ಪಿನ್ ಓದಲು $5=1. ವೈರ್ ತುಂಡಾದರೂ ಯಂತ್ರ ನಿಲ್ಲುತ್ತದೆ ಎಂಬುದು ನಾರ್ಮಲಿ ಕ್ಲೋಸ್ಡ್‌ನ ಇನ್ನೊಂದು ಲಾಭ. ಅಲಾರ್ಮ್ 1 ಬಂದ ಮೇಲೆ $ಎಕ್ಸ್ (ಅಲಾರ್ಮ್ ಬಿಡಿಸುವ ಆಜ್ಞೆ) ಕೊಟ್ಟು ಅಲ್ಲಿಂದಲೇ ಮುಂದುವರಿಸಬೇಡಿ. ಓಡುತ್ತಿದ್ದಾಗ ಥಟ್ಟನೆ ನಿಂತ ಯಂತ್ರದ ಸ್ಥಾನವನ್ನು ನಂಬುವಂತಿಲ್ಲ, ಮತ್ತೆ ಹೋಮ್ ಮಾಡಿ (ಲಿಮಿಟ್ ಸ್ವಿಚ್ ಮುಟ್ಟಿಸಿ ಸ್ಥಾನ ಹೊಸದಾಗಿ ಹಿಡಿಯಿರಿ).

ಹಳೆಯ ಸಿಎನ್‌ಸಿ ಶೀಲ್ಡ್ 3 (ಊನೊ ಮೇಲೆ ಕೂರುವ ಬೋರ್ಡ್) ಕೊಂಡವರಿಗೆ ಒಂದು ಮಾತು. ಜಿಆರ್‌ಬಿಎಲ್ 1.1ರಲ್ಲಿ ಸ್ಪಿಂಡಲ್ ಪಿಡಬ್ಲ್ಯೂಎಂ (ವೇಗದ ಸಿಗ್ನಲ್) ಡಿ11 ಪಿನ್‌ಗೆ ಹೋಗಿ, ಝಡ್ ಲಿಮಿಟ್ ಡಿ12ಕ್ಕೆ ಬಂದಿದೆ. ಬೋರ್ಡ್ ಮೇಲಿನ ಅಚ್ಚು ಹಳೆಯದು. ಝಡ್ ಸ್ವಿಚ್ ಅನ್ನು 'ಸ್ಪಿಂಡಲ್ ಎನೇಬಲ್' ಎಂದು ಬರೆದ ಪಿನ್‌ಗೆ ಹಾಕಿದರೆ ಮಾತ್ರ ಹೋಮಿಂಗ್ ಆಗುತ್ತದೆ, ಇಲ್ಲವಾದರೆ ಅಲಾರ್ಮ್ 9 (ಸ್ವಿಚ್ ಸಿಗಲಿಲ್ಲ).

ಮ್ಯಾಕ್3 ಇಂಥ ಗದ್ದಲವನ್ನು ಡಿಬೌನ್ಸ್ ಇಂಟರ್ವಲ್‌ನಿಂದ (ಸಿಗ್ನಲ್ ಇಷ್ಟು ಹೊತ್ತು ನಿಂತರೆ ಮಾತ್ರ ನಂಬುವ ಸೆಟ್ಟಿಂಗ್) ನುಂಗಿಕೊಳ್ಳುತ್ತದೆ. ಒಂದು ಅಂಕಕ್ಕೆ 40 ಮೈಕ್ರೊಸೆಕೆಂಡ್, 100 ಕೊಟ್ಟರೆ 4 ಮಿಲಿಸೆಕೆಂಡ್. ಕೆಲಸ ನಡೆಯುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ. ಸಾವಿರ, ಎರಡು ಸಾವಿರಕ್ಕೆ ಏರಿಸಿಕೊಂಡು ಕೂತವರ ಯಂತ್ರದಲ್ಲಿ ನಿಜವಾದ ಲಿಮಿಟ್ ಕೂಡ ತಡವಾಗಿ ಹಿಡಿಯುತ್ತದೆ.

ಲಿನಕ್ಸ್‌ಸಿಎನ್‌ಸಿಯಲ್ಲೂ ಡಿಬೌನ್ಸ್ ಕಾಂಪೊನೆಂಟ್ ಇದೆ. ಆದರೆ ಅದಕ್ಕಿಂತ ದೊಡ್ಡದು ಹಾಲ್‌ಸ್ಕೋಪ್, ಸಿಗ್ನಲ್‌ಗಳನ್ನು ಗೆರೆಯಾಗಿ ತೋರಿಸುವ ಕಿಟಕಿ. ಲಿಮಿಟ್ ಪಿನ್ ಅನ್ನು ಒಂದು ಚಾನೆಲ್‌ಗೆ, ಸ್ಪಿಂಡಲ್ ಆನ್ ಸಿಗ್ನಲ್ ಅನ್ನು ಇನ್ನೊಂದಕ್ಕೆ ಹಾಕಿ ಟ್ರಿಗರ್ ಇಟ್ಟರೆ, ಸ್ಪಿಂಡಲ್ ಏಳುವ ಹೊತ್ತಿಗೆ ಲಿಮಿಟ್ ಗೆರೆಯಲ್ಲಿ ಎದ್ದ ಸೂಜಿಯಂಥ ಪಲ್ಸ್‌ಗಳು ಪರದೆ ಮೇಲೆ ನಿಲ್ಲುತ್ತವೆ. ಅಸಲಿ ಆಸಿಲೋಸ್ಕೋಪ್ ಇಲ್ಲದ ಮನೆಯಲ್ಲಿ ಇದೊಂದಕ್ಕೇ ಲಿನಕ್ಸ್‌ಸಿಎನ್‌ಸಿ ಹಾಕಬಹುದು. ಲಿನಕ್ಸ್‌ಸಿಎನ್‌ಸಿ ಪಿನ್ ಅನ್ನು ಒಂದು ಸಲ ಓದಿ ಮತ್ತೆ ಓದುವುದರೊಳಗೆ ಬಂದು ಹೋದ ಪಲ್ಸ್ ಇದರಲ್ಲಿ ಕಾಣುವುದಿಲ್ಲ, ಅಷ್ಟು ನೆನಪಿರಲಿ.

ಮೂಲ ಕಾರಣ ಮಾತ್ರ ಮೂರಕ್ಕೂ ಒಂದೇ: ವಿಎಫ್‌ಡಿ. ಸ್ಪಿಂಡಲ್‌ಗೆ ಶೀಲ್ಡೆಡ್ ಕೇಬಲ್, ಸ್ಪಿಂಡಲ್ ಮೈ ಮತ್ತು ವಿಎಫ್‌ಡಿ ಎರಡಕ್ಕೂ ನಿಜವಾದ ಅರ್ಥಿಂಗ್, ಸಿಗ್ನಲ್ ವೈರ್‌ಗಳು ದೂರ. ಯುಎಸ್‌ಬಿ ಕೇಬಲ್ ಗಿಡ್ಡದು, ಫೆರೈಟ್ (ಗದ್ದಲ ತಡೆಯುವ ಉಂಡೆ) ಇರುವಂಥದ್ದು. ಮನೆಯ ಪ್ಲಗ್ಗಿನ ಮೂರನೇ ತೂತು ಅರ್ಥ್‌ಗೆ ನಿಜಕ್ಕೂ ಸೇರಿದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ನೋಡಿಸಿ. ಇಲ್ಲದ ಅರ್ಥ್‌ಗೆ ಎಷ್ಟು ಫೆರೈಟ್ ಹಾಕಿದರೂ ಉಪಯೋಗವಿಲ್ಲ.

ತಪ್ಪು ಕೋಡ್ ಕೊಟ್ಟರೆ

ಮೂರರ ಗುಣ ಇಲ್ಲಿ ಬಯಲಾಗುತ್ತದೆ. ಆರ್ಕ್‌ನ (ವೃತ್ತದ ತುಂಡು) ಕೇಂದ್ರ ಹೇಳುವ ಐ, ಜೆ ಅಂಕಿಗಳನ್ನು ಆರಂಭದ ಬಿಂದುವಿನಿಂದ ಅಳೆಯದೆ ಮೂಲಬಿಂದುವಿನಿಂದ ಅಳೆದು ಬರೆದ ಫೈಲ್ ಕೊಡಿ. ಜಿಆರ್‌ಬಿಎಲ್ ಎರರ್ 33 ಎಂದು ಆ ಸಾಲನ್ನು ತಿರಸ್ಕರಿಸುತ್ತದೆ. ಲಿನಕ್ಸ್‌ಸಿಎನ್‌ಸಿ ಆರಂಭದ ತ್ರಿಜ್ಯವೂ ಕೊನೆಯ ತ್ರಿಜ್ಯವೂ ಹೊಂದುತ್ತಿಲ್ಲ ಎಂದು ಅಂಕಿಗಳ ಸಮೇತ ಹೇಳುತ್ತದೆ. ಮ್ಯಾಕ್3 ಪರದೆ ತುಂಬ ದೈತ್ಯ ವೃತ್ತಗಳನ್ನು ಬಿಡಿಸುತ್ತದೆ, ಸ್ಟಾರ್ಟ್ ಒತ್ತಿದರೆ ಅದೇ ದಾರಿ ಹಿಡಿಯುತ್ತದೆ. ಜನರಲ್ ಕಾನ್ಫಿಗ್‌ನಲ್ಲಿ ಐಜೆ ಮೋಡ್ ಬದಲಿಸಿದರೆ ಸರಿಹೋಗುತ್ತದೆ, ಆದರೆ ಪರದೆ ನೋಡದೆ ಸ್ಟಾರ್ಟ್ ಒತ್ತುವ ಅಭ್ಯಾಸದವರಿಗೆ ಅದು ಹೊಂದುವ ಸಾಫ್ಟ್‌ವೇರ್ ಅಲ್ಲ.

ನಡುಗುತ್ತಾ ಓಡುವುದು

3ಡಿ ಉಬ್ಬುಚಿತ್ರಗಳಲ್ಲಿ ಜಿಆರ್‌ಬಿಎಲ್ ಮುಗ್ಗರಿಸುತ್ತದೆ. 0.05 ಮಿಮೀ ಉದ್ದದ ಗೆರೆ ತುಂಡುಗಳ ಫೈಲ್ ಎಂದುಕೊಳ್ಳಿ. 115200 ಬಾಡ್‌ನಲ್ಲಿ (ಕಂಪ್ಯೂಟರಿನಿಂದ ಊನೊಗೆ ಕಳಿಸುವ ವೇಗ) ಸೆಕೆಂಡಿಗೆ ಸುಮಾರು 11,500 ಅಕ್ಷರ, ಸಾಲಿಗೆ 25 ಅಕ್ಷರ ಎಂದರೆ 460 ಸಾಲು, ಅಂದರೆ ನಿಮಿಷಕ್ಕೆ 1380 ಮಿಮೀ ಮೇಲೆ ಹೋಗದು. ಅದಕ್ಕೂ ಮೊದಲೇ ಮುಂದಿನ ಚಲನೆ ಯೋಜಿಸುವ ಪ್ಲಾನರ್ ಅಡ್ಡ ಬರುತ್ತದೆ. ಅದು ಮುಂದಕ್ಕೆ ನೋಡುವುದು 15 ತುಂಡು, 0.75 ಮಿಮೀ ಅಷ್ಟೇ. ಆಕ್ಸಲರೇಶನ್ 200 ಮಿಮೀ/ಸೆಕೆಂಡ್² ಇದ್ದರೆ ಅಷ್ಟರೊಳಗೆ ನಿಲ್ಲಬಹುದಾದ ವೇಗ ನಿಮಿಷಕ್ಕೆ ಸುಮಾರು 1040. ಕ್ಯಾಮ್‌ನಲ್ಲಿ (ಕೋಡ್ ತಯಾರಿಸುವ ಸಾಫ್ಟ್‌ವೇರ್) ಟಾಲರೆನ್ಸ್ ಸಡಿಲಿಸಿ ಸಾಲು ಕಡಿಮೆ ಮಾಡುವುದೇ ಪರಿಹಾರ, ಬಾಡ್ ಏರಿಸುವುದಲ್ಲ.

ಮ್ಯಾಕ್3ನ ಕಾನ್‌ಸ್ಟಂಟ್ ವೆಲಾಸಿಟಿ ಇಂಥ ಫೈಲನ್ನು ನಯವಾಗಿ ಓಡಿಸುತ್ತದೆ, ಬದಲಿಗೆ ಮೂಲೆಗಳನ್ನು ದುಂಡಾಗಿಸುತ್ತದೆ. ಲಿನಕ್ಸ್‌ಸಿಎನ್‌ಸಿಯಲ್ಲಿ ಜಿ64 ಪಿ0.02 ಎಂದು ಬರೆದರೆ ಎಷ್ಟು ದುಂಡಾಗಬಹುದು ಎಂಬ ಮಿತಿ ನಮ್ಮ ಕೈಯಲ್ಲಿರುತ್ತದೆ. ಪಿ ಇಲ್ಲದ ಜಿ64 ಮಾತ್ರ ವೇಗಕ್ಕಾಗಿ ಮೂಲೆಯನ್ನು ಬೇಕಾದಷ್ಟು ತಿನ್ನುತ್ತದೆ.

ನಡುಕ ಫೈಲಿನದಲ್ಲ, ಕಂಪ್ಯೂಟರಿನದ್ದು ಎಂಬ ಅನುಮಾನ ಬಂದರೆ ಲಿನಕ್ಸ್‌ಸಿಎನ್‌ಸಿಯ ಲೇಟೆನ್ಸಿ ಟೆಸ್ಟ್ ಓಡಿಸಿ. ಜೊತೆಗೆ ಬ್ರೌಸರ್ ತೆರೆದು, ದೊಡ್ಡ ಫೈಲ್ ಕಾಪಿ ಮಾಡುತ್ತಾ ಯಂತ್ರವನ್ನು ಸತಾಯಿಸಿ. ಬೇಸ್ ಥ್ರೆಡ್ ಜಿಟ್ಟರ್ (ಪಲ್ಸ್ ಸಮಯದ ಏರುಪೇರು) 20 ಮೈಕ್ರೊಸೆಕೆಂಡ್ ಒಳಗಿದ್ದರೆ ಬಹಳ ಒಳ್ಳೆಯದು, 50ರವರೆಗೂ ನಡೆಯುತ್ತದೆ, 100 ದಾಟಿದರೆ ಆ ಕಂಪ್ಯೂಟರ್‌ನಿಂದ ನೇರ ಪಲ್ಸ್ ಬೇಡ. ಬಯಾಸ್‌ನಲ್ಲಿ ಹೈಪರ್‌ಥ್ರೆಡಿಂಗ್, ಸಿ-ಸ್ಟೇಟ್, ಸ್ಪೀಡ್‌ಸ್ಟೆಪ್ ಆಫ್ ಮಾಡಿ ಮತ್ತೊಮ್ಮೆ ನೋಡಿ. ಆಗಲೂ ಆಗದಿದ್ದರೆ ಪಲ್ಸ್ ಕೆಲಸವನ್ನು ಮೆಸಾ ಕಂಪನಿಯ ಈಥರ್‌ನೆಟ್ ಕಾರ್ಡಿಗೆ ವಹಿಸಬೇಕು, ಅಲ್ಲಿಗೆ ಬಜೆಟ್ ಬೇರೆ. 'ಜಾಯಿಂಟ್ 0 ಫಾಲೋಯಿಂಗ್ ಎರರ್' (ಹೇಳಿದ ಸ್ಥಾನಕ್ಕಿಂತ ಹಿಂದುಳಿದಿದೆ) ಎಂದು ಬಂದರೆ ಮೋಟರ್ ಬಿಚ್ಚಬೇಡಿ. ಸ್ಟೆಪ್‌ಜೆನ್ ಮ್ಯಾಕ್ಸ್‌ಆಕ್ಸೆಲ್ (ಪಲ್ಸ್ ತಯಾರಿಸುವ ಭಾಗದ ಆಕ್ಸಲರೇಶನ್ ಮಿತಿ), ಆಕ್ಸಿಸ್‌ನ ಆಕ್ಸಲರೇಶನ್‌ಗಿಂತ ಕಾಲು ಭಾಗ ಹೆಚ್ಚಿದೆಯೇ ನೋಡಿ. ಸಮ ಇದ್ದರೆ ಆ ದೂರು ಬರುವುದು ಸಹಜ.

ಮ್ಯಾಕ್3ಗೂ ಡ್ರೈವರ್‌ಟೆಸ್ಟ್ ಇದೆ, ಆದರೆ ಅದರ ಪ್ಯಾರಲಲ್ ಪೋರ್ಟ್ ಡ್ರೈವರ್ 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. 64 ಬಿಟ್ ಕಂಪ್ಯೂಟರಿಗೆ ಯುಎಸ್‌ಬಿ ಬೋರ್ಡ್ ಹಾಕಿದರೆ ಎಲ್ಲವೂ ಆ ಬೋರ್ಡಿನ ಪ್ಲಗಿನ್ ಮರ್ಜಿ.

ಹೀಗಾಗಿ ಈಗ ಮೊದಲ ಯಂತ್ರ ಕಟ್ಟುವವರಿಗೆ ಜಿಆರ್‌ಬಿಎಲ್. ಕೆಟ್ಟರೆ ಅಂಕಿಯೊಂದನ್ನು ಕೊಡುತ್ತದೆ, ಬೋರ್ಡ್ ಸುಟ್ಟರೂ ಕೆಲವು ನೂರು ರೂಪಾಯಿ. ಲೋಹ ಕಡಿಯುವವರಿಗೆ, ಸ್ಪಿಂಡಲ್‌ಗೆ ಎನ್‌ಕೋಡರ್ ಹಾಕಿ ಥ್ರೆಡ್ ಕೊರೆಯುವ ಆಸೆ ಇರುವವರಿಗೆ ಲಿನಕ್ಸ್‌ಸಿಎನ್‌ಸಿ. ಆರಂಭದ ಒಂದೆರಡು ವಾರ ತಲೆ ಕೆಡಿಸಿದರೂ ಆಮೇಲೆ ಏನನ್ನೂ ಮುಚ್ಚಿಡುವುದಿಲ್ಲ. ಮ್ಯಾಕ್3 ಈಗಾಗಲೇ ಚೆನ್ನಾಗಿ ಓಡುತ್ತಿದ್ದರೆ ಕೈ ಹಾಕಬೇಡಿ, ಹೊಸದಾಗಿ ಹಾಕಲು ಮಾತ್ರ ಕಾರಣ ಕಾಣುತ್ತಿಲ್ಲ.

ಯಾವುದಾದರೂ ಸರಿ, ಇಂದೇ ಸೆಟ್ಟಿಂಗ್‌ಗಳ ಪ್ರತಿ ತೆಗೆದಿಡಿ. ಜಿಆರ್‌ಬಿಎಲ್‌ನಲ್ಲಿ $$ ಕೊಟ್ಟು ಬಂದ ಸಾಲುಗಳನ್ನು ಒಂದು ಟೆಕ್ಸ್ಟ್ ಫೈಲಿಗೆ ಅಂಟಿಸಿ. ಲಿನಕ್ಸ್‌ಸಿಎನ್‌ಸಿಯಲ್ಲಿ ಕಾನ್ಫಿಗ್ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ಮ್ಯಾಕ್3ನಲ್ಲಿ ಪ್ರೊಫೈಲಿನ ಎಕ್ಸ್‌ಎಂಎಲ್ ಫೈಲ್ ಸಾಕು. ಪ್ರೋಗ್ರಾಂ ಮುಚ್ಚುವಾಗ ಕರೆಂಟ್ ಹೋದರೆ ಕೆಡುವುದು ಆ ಫೈಲೇ.