ಗೇಮ್ ಪಾಠಗಳ ಸೋರ್ಸ್ ಕೋಡ್ ಹಂಚಲು ಗಿಟ್‌ಹಬ್: ದೀರ್ಘ ಬಳಕೆಯ ನಂತರ

ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಎಂಬ ಸಾಧನದ ಮೇಲೆ ನಿಂತ, ಕೋಡ್ ಹಂಚುವ ತಾಣ ಗಿಟ್‌ಹಬ್‌ಗೆ ಐದಕ್ಕೆ ನಾಲ್ಕು ಅಂಕ. ಹೋದ ಒಂದು ಅಂಕ ಚಿತ್ರ, ಸದ್ದುಗಳ ಫೈಲ್‌ಗಳ ಲೆಕ್ಕಕ್ಕೆ. ಕೋಡ್ ಇಡಲು ಇದಕ್ಕಿಂತ ಅನುಕೂಲದ ಜಾಗ ಬೇಕಿಲ್ಲ, ಆದರೆ ಗೇಮ್ ಎಂದರೆ ಬರೀ ಕೋಡ್ ಅಲ್ಲವಲ್ಲ. ಕೆಳಗಿನ ಮಾತುಗಳೆಲ್ಲ ಗೋಡೋ 4 ಎಂಬ ಗೇಮ್ ತಯಾರಿಸುವ ತಂತ್ರಾಂಶದಲ್ಲಿ ಮಾಡಿದ ಪಾಠಗಳನ್ನು ಹವ್ಯಾಸಿಗಳಿಗೆ ಉಚಿತವಾಗಿ ಕೊಡುವುದರ ಬಗ್ಗೆ. ಅಂಥದೇ ಇನ್ನೊಂದು ತಂತ್ರಾಂಶವಾದ ಯೂನಿಟಿಯವರಿಗೆ ಫೋಲ್ಡರ್ ಹೆಸರು ಬೇರೆ, ತಲೆನೋವು ಹೆಚ್ಚುಕಡಿಮೆ ಇದೇ.

ಮೊದಲು ಮೆಚ್ಚಿದ್ದನ್ನು ಹೇಳಿಬಿಡಬೇಕು: ಟ್ಯಾಗ್, ಅಂದರೆ ಕೋಡಿನ ಒಂದು ಹಂತಕ್ಕೆ ಅಂಟಿಸುವ ಹೆಸರು. ಒಂದು ಪ್ಲಾಟ್‌ಫಾರ್ಮರ್ ಗೇಮನ್ನು ಎಂಟು ಪಾಠಗಳಲ್ಲಿ ಕಲಿಸುವುದಾದರೆ ಪ್ರತಿ ಪಾಠ ಮುಗಿದ ಕಮಿಟ್‌ಗೆ (ಆ ಹಂತದ ಕೋಡನ್ನು ಗಿಟ್‌ನಲ್ಲಿ ಉಳಿಸಿದ ದಾಖಲೆಗೆ) ಒಂದು ಟ್ಯಾಗ್ ಹಾಕಿ. ಐದನೇ ಪಾಠದಲ್ಲಿ ಸಿಕ್ಕಿಹಾಕಿಕೊಂಡವರು ನಾಲ್ಕನೆಯದರ ಕೋಡ್ ಇಳಿಸಿಕೊಂಡು ತಮ್ಮದರ ಪಕ್ಕ ಇಟ್ಟು ನೋಡಬಹುದು. ಎರಡು ಟ್ಯಾಗ್‌ಗಳನ್ನು ಹೋಲಿಸುವ ಪುಟದ ಕೊಂಡಿಯನ್ನೂ ಕೊಟ್ಟರೆ, ಯಾವ ಸಾಲು ಸೇರಿತು, ಯಾವುದು ಹೋಯಿತು ಎಂಬುದು ಹಸಿರು-ಕೆಂಪಿನಲ್ಲೇ ಕಾಣುತ್ತದೆ. ಅರ್ಧ ಪಾಠ ಅಲ್ಲೇ ಆಗಿಹೋಗುತ್ತದೆ.

ಎಂಟೂ ಪಾಠ ಹೊರಬಿದ್ದ ಮೇಲೆ ಎರಡನೆಯದರಲ್ಲಿ ತಪ್ಪು ಸಿಕ್ಕಿತು ಎನ್ನಿ. ಗುರುತ್ವವನ್ನು ಡೆಲ್ಟಾದಿಂದ (ಒಂದು ಫ್ರೇಮ್‌ನಿಂದ ಮುಂದಿನದಕ್ಕೆ ಹಿಡಿದ ಸಮಯದಿಂದ) ಗುಣಿಸಿರಲಿಲ್ಲ, ಒಬ್ಬೊಬ್ಬರ ಯಂತ್ರದಲ್ಲಿ ಜಿಗಿತ ಒಂದೊಂದು ಎತ್ತರ. ಹಳೆಯ ಟ್ಯಾಗನ್ನೇ ಸರಿಮಾಡಿದ ಕಮಿಟ್‌ಗೆ ಸರಿಸುವ ಆಸೆಯಾಗುತ್ತದೆ. ಬೇಡ. ಆಗಲೇ ಕ್ಲೋನ್ ಮಾಡಿಕೊಂಡವರಲ್ಲಿ (ಇತಿಹಾಸ ಸಮೇತ ನಕಲು ಇಳಿಸಿಕೊಂಡವರಲ್ಲಿ) ಹಳೆಯ ಟ್ಯಾಗೇ ಉಳಿಯುತ್ತದೆ, ‘ಫೋರ್ಸ್’ ಎಂದು ಒತ್ತಾಯಿಸದೆ, ಹೊಸದನ್ನು ತರುವ ‘ಫೆಚ್’ ಆಜ್ಞೆ ಅದನ್ನು ಮುಟ್ಟುವುದಿಲ್ಲ. ಹೆಸರು ಒಂದು, ಕೋಡ್ ಎರಡು! ಇಂಥ ಗೊಂದಲವನ್ನು ದೂರದಿಂದ ಬಿಡಿಸುವುದು ಕಷ್ಟ. ‘ಪಾಠ-02ಬಿ’ ಎಂದು ಹೊಸ ಟ್ಯಾಗ್ ಹಾಕಿ, ಪರಿಚಯದ ಫೈಲ್ ಆದ ರೀಡ್‌ಮಿಯಲ್ಲಿ ಒಂದು ಸಾಲು ಬರೆಯಿರಿ. ಪಾಠಕ್ಕೊಂದು ಫೋಲ್ಡರ್ ಮಾಡುವವರೂ ಇದ್ದಾರೆ. ಹೊಸಬರಿಗೆ ಅದು ಸುಲಭವೇ, ಆದರೆ ಅದೇ ತಪ್ಪನ್ನು ಏಳು ಕಡೆ ತಿದ್ದಬೇಕಾದಾಗ ಅದರ ಬೆಲೆ ಗೊತ್ತಾಗುತ್ತದೆ.

ಪಾಠದ ನಡುವೆ ಕೋಡಿನ ಸಾಲಿಗೆ ಕೊಂಡಿ ಕೊಡುವಾಗ ಗಿಟ್‌ಹಬ್‌ನಲ್ಲಿ ಆ ಫೈಲಿನ ಪುಟ ತೆರೆದು ಕೀಲಿಮಣೆಯ ‘ವೈ’ ಒತ್ತಿ. ವಿಳಾಸ ಆ ಕಮಿಟ್‌ಗೇ ಅಂಟಿಕೊಳ್ಳುತ್ತದೆ. ಬದಲಾಗುತ್ತಲೇ ಇರುವ ಮೇನ್ ಬ್ರ್ಯಾಂಚಿನ (ಕೋಡಿನ ಮುಖ್ಯ ಕವಲಿನ) 42ನೇ ಸಾಲು ಮುಂದಿನ ವಾರವೂ 42ರಲ್ಲೇ ಇರುತ್ತದೆಂದು ನಂಬುವ ಹಾಗಿಲ್ಲ.

ಯಾವ ಫೈಲ್ ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬಲ್ಲಿ ಎಡವುವವರು ಬಹಳ. ‘.ಗೋಡೋ’ ಫೋಲ್ಡರ್ ಬರೀ ಕ್ಯಾಶ್ (ತಾನಾಗಿ ಮತ್ತೆ ಹುಟ್ಟುವ ತಾತ್ಕಾಲಿಕ ಫೈಲ್‌ಗಳು), ಅದು ಗಿಟ್‌ಇಗ್ನೋರ್‌ಗೆ, ಅಂದರೆ ಗಿಟ್ ಬಿಡಬೇಕಾದವುಗಳ ಪಟ್ಟಿಗೆ, ಹೋಗಲಿ. ಆದರೆ ಪ್ರತಿ ಚಿತ್ರ, ಸದ್ದಿನ ಪಕ್ಕ ಹುಟ್ಟುವ ‘.ಇಂಪೋರ್ಟ್’ ಫೈಲ್‌ಗಳನ್ನು ಕಸವೆಂದು ಬಿಡಬೇಡಿ. ಹಿನ್ನೆಲೆ ಸಂಗೀತಕ್ಕೆ ಲೂಪ್ ಹಾಕಿದ್ದು ದಾಖಲಾಗುವುದು ಅಲ್ಲೇ. ಅದಿಲ್ಲದಿದ್ದರೆ ಕಲಿಯುವವರ ಯಂತ್ರದಲ್ಲಿ ಹಾಡು ಒಮ್ಮೆ ನುಡಿದು ನಿಲ್ಲುತ್ತದೆ, ಕೋಡಿನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ. ಗೋಡೋ 4.4ರಿಂದ ಬಂದ, ಫೈಲ್‌ಗಳ ಗುರುತು ಇಡುವ ‘.ಯುಐಡಿ’ ಫೈಲ್‌ಗಳೂ ಕಮಿಟ್ ಆಗಬೇಕು.

ಇನ್ನು ಕಳೆದ ಅಂಕದ ಕಥೆ. 100 ಎಂಬಿ ದಾಟಿದ ಫೈಲ್ ಪುಶ್ ಆಗುವುದೇ (ಗಿಟ್‌ಹಬ್‌ಗೆ ಏರುವುದೇ) ಇಲ್ಲ. ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಇತಿಹಾಸದಲ್ಲಿ ಕೂತಿರುವ ಕಾರಣ ತಡೆ ಮುಂದುವರಿಯುತ್ತದೆ. ಆಗ ಎಲ್ಲರೂ ಕೊಡುವ ಸಲಹೆ ಎಲ್‌ಎಫ್‌ಎಸ್: ದೊಡ್ಡ ಫೈಲನ್ನು ಬೇರೆಡೆ ಇಟ್ಟು ಗಿಟ್‌ನಲ್ಲಿ ಅದರ ಗುರುತನ್ನಷ್ಟೇ ಇಡುವ ಏರ್ಪಾಡು. ಪಾಠದ ರೆಪೊಗೆ (ಕೋಡಿನ ಭಂಡಾರಕ್ಕೆ) ಅದು ಅಷ್ಟು ಒಗ್ಗುವುದಿಲ್ಲ. ಹವ್ಯಾಸಿಗಳಲ್ಲಿ ಗಿಟ್ ಬಾರದವರೇ ಹೆಚ್ಚು, ಅವರು ಇಳಿಸುವುದು ಜಿಪ್. ಮೂಲ ಸೆಟ್ಟಿಂಗ್‌ನಲ್ಲಿ ಆ ಜಿಪ್‌ನೊಳಗೆ ಎಲ್‌ಎಫ್‌ಎಸ್ ಫೈಲ್‌ಗಳು ಬರುವುದಿಲ್ಲ. ಪಿಎನ್‌ಜಿ ಹೆಸರಿನಲ್ಲಿ ಮೂರು ಸಾಲಿನ ಪಠ್ಯವಷ್ಟೇ ಇರುತ್ತದೆ. ಗೋಡೋ ಚಿತ್ರ ಓದಲಾರದೆ ದೋಷ ತೋರಿಸುತ್ತದೆ, ಬೈಗುಳ ಪಾಠ ಬರೆದವರಿಗೆ. ರೆಪೊ ಸೆಟ್ಟಿಂಗ್ಸ್‌ನಲ್ಲಿ ಆರ್ಕೈವ್‌ಗೆ (ಈ ಜಿಪ್‌ಗೆ) ಎಲ್‌ಎಫ್‌ಎಸ್ ಸೇರಿಸುವ ಆಯ್ಕೆ ಇದೆ ನಿಜ, ಆದರೆ ಪ್ರತಿ ಡೌನ್‌ಲೋಡೂ ರೆಪೊ ಮಾಲೀಕರ ಬ್ಯಾಂಡ್‌ವಿಡ್ತ್ ತಿನ್ನುತ್ತದೆ. ಇದರ ಬದಲು ದೊಡ್ಡ ಫೈಲ್‌ಗಳನ್ನೆಲ್ಲ ಒಂದು ಜಿಪ್ ಮಾಡಿ ರಿಲೀಸ್‌ಗೆ (ಗಿಟ್‌ಹಬ್‌ನ ಬಿಡುಗಡೆ ಪುಟಕ್ಕೆ) ಲಗತ್ತಿಸುವುದು ವಾಸಿ. ಅಲ್ಲಿ ಒಂದು ಫೈಲಿಗೆ 2 ಜಿಬಿಯವರೆಗೂ ಜಾಗವಿದೆ.

ಲೈಸೆನ್ಸ್ ಫೈಲ್ ಇಲ್ಲದೆ ‘ಉಚಿತ’ ಎಂದು ಬರೆದರೆ ಸಾಲದು. ಹಾಗೆ ಬಿಟ್ಟ ಕೋಡನ್ನು ನೋಡಬಹುದು, ಫೋರ್ಕ್ ಮಾಡಬಹುದು (ತಮ್ಮ ಗಿಟ್‌ಹಬ್ ಖಾತೆಗೆ ನಕಲಿಸಿಕೊಳ್ಳಬಹುದು), ತಮ್ಮ ಗೇಮ್‌ಗೆ ಹಾಕಿಕೊಳ್ಳುವ ಹಕ್ಕು ಬರುವುದಿಲ್ಲ. ಕೋಡಿಗೆ ಯಾರಾದರೂ ಬಳಸಬಹುದೆನ್ನುವ ಎಂಐಟಿ ಲೈಸೆನ್ಸ್ ಹಾಕಿ, ಚಿತ್ರಗಳಿಗೆ ಬೇರೆಯಾಗಿ ಸಿಸಿ0 (ಹಕ್ಕು ಬಿಟ್ಟುಕೊಟ್ಟದ್ದು) ಅಥವಾ ಸಿಸಿ ಬೈ (ರಚಿಸಿದವರ ಹೆಸರು ಹೇಳಿ ಬಳಸುವುದು) ಎಂದು ನಮೂದಿಸಿ. ಹಣ ಕೊಟ್ಟು ಕೊಂಡ ಸ್ಪ್ರೈಟ್‌ಗಳನ್ನು (ಗೇಮ್ ಚಿತ್ರಗಳನ್ನು) ರೆಪೊಗೆ ಹಾಕಲೇಬೇಡಿ. ಗೇಮ್‌ನೊಳಗೆ ಬಳಸಲು ಒಪ್ಪುವ ಕರಾರುಗಳು ಮೂಲ ಫೈಲ್ ಹಂಚಲು ಸಾಮಾನ್ಯವಾಗಿ ಒಪ್ಪುವುದಿಲ್ಲ.

ರೀಡ್‌ಮಿಯ ಮೊದಲ ಸಾಲಿನಲ್ಲೇ ಗೋಡೋ ಆವೃತ್ತಿ ಇರಲಿ. ಗೋಡೋ 3ರಲ್ಲಿ ಪಾತ್ರವನ್ನು ಓಡಾಡಿಸುವ ಕೈನೆಮ್ಯಾಟಿಕ್‌ಬಾಡಿ2ಡಿ 4ರಲ್ಲಿ ಕ್ಯಾರೆಕ್ಟರ್‌ಬಾಡಿ2ಡಿ ಆಯಿತು, ಕೋಡನ್ನು ಕಾಯಿಸುವ ಪದ ಈಲ್ಡ್ ಹೋಗಿ ಅವೇಟ್ ಬಂತು. ಇದು ಗೊತ್ತಿಲ್ಲದೆ ಹಳೆಯ ಪಾಠ ಹಿಡಿದವರು ಮೊದಲ ಹತ್ತು ನಿಮಿಷದಲ್ಲೇ ಕೈಬಿಡುತ್ತಾರೆ.

ಪ್ರಕಟಿಸುವ ಮುನ್ನ ನಿಮ್ಮದೇ ಜಿಪ್ ಇಳಿಸಿ, ಖಾಲಿ ಫೋಲ್ಡರ್‌ನಲ್ಲಿ ಬಿಚ್ಚಿ, ಗೋಡೋದಲ್ಲಿ ತೆರೆದು ಒಮ್ಮೆ ಎಕ್ಸ್‌ಪೋರ್ಟ್ ಕೂಡ ಮಾಡಿ (ಸ್ವತಂತ್ರವಾಗಿ ಓಡುವ ಗೇಮ್ ಆಗಿ ಹೊರತೆಗೆಯಿರಿ). ಫೈಲ್ ಹೆಸರಿನಲ್ಲಿ ದೊಡ್ಡ ಅಕ್ಷರವಿದ್ದು ಕೋಡಿನಲ್ಲಿ ಸಣ್ಣದಿದ್ದರೆ ವಿಂಡೋಸ್‌ನ ಎಡಿಟರ್‌ನಲ್ಲಿ ಓಡುತ್ತದೆ, ಎಕ್ಸ್‌ಪೋರ್ಟ್ ಮಾಡಿದ ಗೇಮ್‌ನಲ್ಲಿ ಫೈಲೇ ಸಿಗುವುದಿಲ್ಲ.