ವಿದೇಶ ಪ್ರವಾಸದ ವಿಮೆ: ಕೊಳ್ಳುವ ಮುನ್ನ ಓದಬೇಕಾದ ಒಳಪುಟಗಳು

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವವರು ಸಾಮಾನ್ಯವಾಗಿ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯನ್ನು ತೋರಿಸಲೇಬೇಕಾಗುತ್ತದೆ. ಇಂಥ ಕಡ್ಡಾಯವಿಲ್ಲದ ದೇಶಕ್ಕೆ ಹೊರಟವರಿಗೆ ಮಾತ್ರ ವಿಮೆ ಬೇಕೇ ಬೇಡವೇ ಎಂಬ ಪ್ರಶ್ನೆ ಉಳಿಯುತ್ತದೆ.

ನಾನು ಕೊಂಡ ಪಾಲಿಸಿಯ ಮೊದಲ ಪುಟದಲ್ಲಿ ದಪ್ಪಕ್ಷರಗಳ ದೊಡ್ಡ ಮೊತ್ತವೊಂದಿದೆ. ಆದರೆ ಅದರ ನಿಜವಾದ ಬೆಲೆ ತಿಳಿಯುವುದು ಒಳಪುಟದ ಸಣ್ಣಕ್ಷರಗಳಲ್ಲಿ. ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ಉಂಟಾದ ತೊಂದರೆಗೆ ಪ್ರಾಣಾಪಾಯದ ಸಂದರ್ಭದಲ್ಲಿ ಮಾತ್ರ, ಅದೂ ಒಂದು ಮಿತಿಯೊಳಗೆ, ಹಣ ಸಿಗುತ್ತದೆ. ಸ್ಕೂಬಾ ಡೈವಿಂಗ್‌ನಂಥ ಸಾಹಸಗಳೂ ಕುಡಿದ ಅಮಲಿನಲ್ಲಾದ ಅಪಘಾತಗಳೂ ಹೊರಗೆ. ಪ್ರತಿ ಕ್ಲೇಮಿನಲ್ಲೂ ಆರಂಭದ ಒಂದಷ್ಟು ಮೊತ್ತವನ್ನು ನಾವೇ ಭರಿಸಬೇಕು. ಹಿರಿಯರನ್ನು ಕರೆದೊಯ್ಯುವವರು ಪ್ರೀಮಿಯಂ ಹೋಲಿಸುವ ಮೊದಲು ಈ ಷರತ್ತುಗಳನ್ನು ಹೋಲಿಸುವುದು ಒಳ್ಳೆಯದು.

ಇಷ್ಟಾದರೂ, ಅಮೆರಿಕದಂತೆ ಆಸ್ಪತ್ರೆಯ ಖರ್ಚು ವಿಪರೀತವಾಗಿರುವ ದೇಶಕ್ಕೆ ವಿಮೆಯಿಲ್ಲದೆ ಹೋಗುವುದು ನನ್ನ ದೃಷ್ಟಿಯಲ್ಲಿ ಉಳಿತಾಯವಲ್ಲ, ಜೂಜು. ಚಿಕಿತ್ಸೆಯ ಜೊತೆಗೆ ರೋಗಿಯನ್ನು ಸ್ವದೇಶಕ್ಕೆ ಸಾಗಿಸುವ ವೆಚ್ಚವೂ ಸೇರಿದೆಯೇ ಎಂದು ನೋಡಬೇಕು. ಕ್ರೆಡಿಟ್ ಕಾರ್ಡಿನೊಂದಿಗೆ ಬರುವ ಉಚಿತ ವಿಮೆಯನ್ನೇ ನೆಚ್ಚುವವರು, ಟಿಕೆಟನ್ನು ಅದೇ ಕಾರ್ಡಿನಿಂದ ಕೊಂಡಿರಬೇಕೆಂಬ ಷರತ್ತು ಹಲವೆಡೆ ಇರುತ್ತದೆಂಬುದನ್ನು ಗಮನಿಸಬೇಕು.

ಲಗೇಜಿನ ರಕ್ಷಣೆ ಮಾತ್ರ ನನಗೆ ತೀರಾ ಸಾಧಾರಣವೆನಿಸಿತು: ಒಂದೊಂದು ವಸ್ತುವಿಗೂ ಮಿತಿ, ನಗದಿಗೂ ಒಡವೆಗೂ ಪರಿಹಾರವಿಲ್ಲ. ಬ್ಯಾಗು ಬರದಿದ್ದರೆ ನಿಲ್ದಾಣದಿಂದ ಹೊರಬೀಳುವ ಮುನ್ನವೇ ವಿಮಾನ ಸಂಸ್ಥೆಯಿಂದ ಲಿಖಿತ ವರದಿ ಪಡೆದಿರಬೇಕು. ಕ್ಲೇಮಿನ ಅರ್ಜಿಯೊಂದಿಗೆ ಕೇಳುವ ಮೊದಲ ಕಾಗದ ಅದೇ.