ಅಡುಗೆಮನೆ ನೆಲಕ್ಕೆ ವ್ಯಾಕ್ಯೂಮ್ ಕ್ಲೀನರ್ ಕೊಳ್ಳುವ ಮುಂಚೆ ಅದರ ಮೂತಿ ನೋಡಿ

ಟೈಲ್ಸ್, ಕಲ್ಲು ಅಥವಾ ಮರದ ನೆಲ ಇರುವ ಅಡುಗೆಮನೆಗೆ ವ್ಯಾಕ್ಯೂಮ್ ಕ್ಲೀನರ್ ಹುಡುಕುತ್ತಿದ್ದರೆ, ದುಡ್ಡು ಕೊಡುವ ಮುಂಚೆ ಇದನ್ನು ಓದಿ. "ಎಲ್ಲ ಬಗೆಯ ನೆಲಕ್ಕೂ" ಎಂದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದ ಯಂತ್ರವೊಂದನ್ನು ನಾವು ತಂದೆವು. ನಮ್ಮದು ಪಾಲಿಶ್ ಮಾಡಿದ ಕಲ್ಲಿನ ನೆಲ. ಆ ಯಂತ್ರದಿಂದ ಕಸವೂ ಸರಿಯಾಗಿ ಹೋಗಲಿಲ್ಲ, ನೆಲಕ್ಕೆ ಗೀರು ಬೇರೆ ಬಿತ್ತು. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ರೀತಿಯ ಯಂತ್ರಗಳನ್ನು ತುಂಬಾ ಕಂಪನಿಗಳು ಮಾರುತ್ತವೆ, ಹಾಗಾಗಿ ತಿಳಿಯಬೇಕಾದದ್ದು ತೊಂದರೆ ಎಲ್ಲಿಂದ ಬರುತ್ತದೆ ಅನ್ನುವುದು.

ಅಂಗಡಿಯಲ್ಲಿ ನಮಗೆ ತೋರಿಸಿದ್ದು ಕಾರ್ಪೆಟ್ ಮೇಲೆ. ಮಾರುವವರು ಹಿಟ್ಟು ಚೆಲ್ಲಿ, ಕಾಲಿನಿಂದ ಉಜ್ಜಿ, ಒಂದೇ ಸಲ ಯಂತ್ರ ಎಳೆದರು. ಕಾರ್ಪೆಟ್ ಫಳಫಳ. ಯಾರಿಗಾದರೂ ನಂಬಿಕೆ ಬರುತ್ತದೆ, ಅಲ್ವಾ? ಆದರೆ ಕಾರ್ಪೆಟ್‌ನಲ್ಲಿ ಧೂಳು ಎಳೆಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಅದನ್ನು ಬಡಿದು ಮೇಲೆಬ್ಬಿಸಲು ಮೂತಿಯೊಳಗೆ ಗಟ್ಟಿ ಕೂದಲಿನ ಬ್ರಷ್ ಜೋರಾಗಿ ತಿರುಗುತ್ತದೆ. ಗಟ್ಟಿ ನೆಲದ ಮೇಲೆ ಕಸ ಸುಮ್ನೆ ಬಿದ್ದಿರುತ್ತದೆ, ಹಿಡಿದುಕೊಳ್ಳಲು ಏನೂ ಇಲ್ಲ. ಅದೇ ಬ್ರಷ್ ಅಲ್ಲಿ ತಾಗಿದರೆ ಸಕ್ಕರೆ ಕಾಳು, ಉಪ್ಪು, ಈರುಳ್ಳಿ ಸಿಪ್ಪೆ ಎಲ್ಲ ಸಿಡಿಯುತ್ತವೆ.

ನಮ್ಮಲ್ಲಿ ಆಗಿದ್ದೂ ಅದೇ. ಚೆಲ್ಲಿದ ಸಕ್ಕರೆಯ ಮೇಲೆ ಯಂತ್ರ ಓಡಿಸಿದರೆ ಒಂದಷ್ಟು ಒಳಗೆ ಹೋಗುತ್ತಿತ್ತು. ಉಳಿದದ್ದು ಹಿಂದಕ್ಕೆ ಚಿಮ್ಮಿ ಕಾಲಿಗೆ ಬಡಿಯುತ್ತಿತ್ತು, ಇನ್ನಷ್ಟು ಫ್ರಿಜ್ ಅಡಿಗೆ ಸೇರುತ್ತಿತ್ತು. ಫ್ರಿಜ್ ಅಡಿಯ ಸಕ್ಕರೆ ಇರುವೆಗಳನ್ನು ಕರೆಯುತ್ತದೆ. ಗುಡಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಫ್ರಿಜ್ಜನ್ನೇ ಸರಿಸಬೇಕಾಯಿತು. ಬ್ರಷ್ ನಿಲ್ಲಿಸೋಣ ಎಂದರೆ ಅದಕ್ಕೆ ಬೇರೆ ಬಟನ್ನೇ ಇರಲಿಲ್ಲ. ಮೋಟರ್ ಶುರುವಾದರೆ ಬ್ರಷ್ಷೂ ಶುರು. ನನ್ನನ್ನು ಕೇಳಿದರೆ, ಬ್ರಷ್ ನಿಲ್ಲಿಸಲು ಬಾರದ, ಬೇರೆ ಮೂತಿಯೂ ಇಲ್ಲದ ಯಂತ್ರದ ಮೇಲೆ ಎಲ್ಲ ನೆಲಕ್ಕೂ ಎಂದು ಬರೆಯಲೇಬಾರದು.

ಮೂತಿಯ ಮುಂಭಾಗದ ಅಂಚು ಇನ್ನೊಂದು ತೊಂದರೆ. ಅದು ನೆಲಕ್ಕೆ ತೀರಾ ಅಂಟಿಕೊಂಡಂತೆ ಇತ್ತು. ಗಾಳಿ ಸೋರದೆ ಚೆನ್ನಾಗಿ ಎಳೆಯಲಿ ಎಂದು ಹಾಗೆ ಮಾಡಿರುತ್ತಾರೆ, ಸಣ್ಣ ಧೂಳಿಗೆ ಅದು ಒಳ್ಳೆಯದೇ. ಆದರೆ ಕಾಳಿನಷ್ಟು ದಪ್ಪದ ಕಸ ಆ ಅಂಚಿನ ಕೆಳಗೆ ನುಸುಳುವುದಿಲ್ಲ. ಹೊಲದಲ್ಲಿ ಹಲಗೆ ಮಣ್ಣು ತಳ್ಳಿಕೊಂಡು ಹೋಗುವ ಹಾಗೆ ಮೂತಿ ಕಸವನ್ನು ಮುಂದೆ ಮುಂದೆ ತಳ್ಳುತ್ತದೆ. ಪ್ರತಿ ಸಲ ಮೂತಿ ಎತ್ತಿ ಕಸದ ಮೇಲೆ ಇಡಬೇಕು. ಬಗ್ಗಿ ಗುಡಿಸುವ ಕಷ್ಟ ತಪ್ಪಲಿ ಎಂದು ತಂದವರಿಗೆ ಇದರಿಂದ ಕೈನೋವು ಬರುತ್ತದೆ.

ಗೀರುಗಳಾದದ್ದು ಚಕ್ರಗಳಿಂದ. ಮೂತಿಯ ಕೆಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಪುಟ್ಟ ಚಕ್ರಗಳು. ಒಂದು ಮರಳಿನ ಕಣ ಅದರಲ್ಲಿ ಸಿಕ್ಕಿಕೊಂಡರೆ ಸಾಕು, ಚಕ್ರ ತಿರುಗುವುದು ನಿಲ್ಲುತ್ತದೆ, ಕಣ ನೆಲವನ್ನು ಕೆರೆಯುತ್ತದೆ. ಮರದ ನೆಲಕ್ಕೂ ಅಮೃತಶಿಲೆಗೂ ಇದು ಬೇಗ ಆಗುತ್ತದೆ. ರಬ್ಬರ್ ಅಥವಾ ಬಟ್ಟೆಯ ಹೊದಿಕೆ ಇರುವ ಚಕ್ರವೇ ಬೇಕು. ಅಂಗಡಿಯಲ್ಲಿ ಯಂತ್ರ ತಲೆಕೆಳಗೆ ಮಾಡಿ ಚಕ್ರ ಮುಟ್ಟಿ ನೋಡಿ, ಯಾರೂ ಬೇಡ ಅನ್ನುವುದಿಲ್ಲ. ಮೆದು ಚಕ್ರ ಇದ್ದರೂ ಆಗಾಗ ಒರೆಸಿ, ಕೂದಲು ಕಲ್ಲು ತೆಗೆಯಬೇಕು.

ಈಗ ಅಂಕಿಗಳ ವಿಷಯ. ಜಾಹೀರಾತಿನಲ್ಲಿ ಪಾಸ್ಕಲ್, ಅಂದರೆ ಎಳೆತದ ಒತ್ತಡದ ಲೆಕ್ಕವನ್ನೇ ಎತ್ತಿ ತೋರಿಸುತ್ತಾರೆ. 20,000 ಪಾಸ್ಕಲ್, 25,000 ಪಾಸ್ಕಲ್ ಎಂದರೆ ಭಾರೀ ಅನ್ನಿಸುತ್ತದೆ. ಆದರೆ ಆ ಅಂಕಿಯನ್ನು ಸಾಮಾನ್ಯವಾಗಿ ಅಳೆಯುವುದು ಗಾಳಿ ಒಳಬರುವ ಬಾಯಿಯನ್ನು ಪೂರ್ತಿ ಮುಚ್ಚಿದಾಗ. ಆಗ ಗಾಳಿ ಹರಿಯುವುದೇ ಇಲ್ಲ. ನೆಲದಿಂದ ಕಾಳು ಎತ್ತಿಕೊಂಡು ಹೋಗಬೇಕಾದದ್ದು ಹರಿಯುವ ಗಾಳಿ. ಎಳೆತ ಮತ್ತು ಗಾಳಿಯ ಹರಿವು ಎರಡನ್ನೂ ಸೇರಿಸಿ ಹೇಳುವುದು ಏರ್‌ವ್ಯಾಟ್. ಅದನ್ನು ಕೊಟ್ಟಿದ್ದರೆ ಪಾಸ್ಕಲ್ ಬಿಟ್ಟು ಅದನ್ನೇ ನೋಡಿ. ಬರೀ ವ್ಯಾಟ್ ಎಂದಿದ್ದರೆ ಅದು ಯಂತ್ರ ನುಂಗುವ ಕರೆಂಟಿನ ಲೆಕ್ಕ, ಗುಡಿಸುವ ಲೆಕ್ಕ ಅಲ್ಲ. ಯುರೋಪಿಯನ್ ಒಕ್ಕೂಟ 2014ರಲ್ಲಿ ಮನೆಬಳಕೆಯ ವ್ಯಾಕ್ಯೂಮ್‌ಗಳಿಗೆ 1600 ವ್ಯಾಟ್ ಮಿತಿ ಹಾಕಿತು, 2017ರಲ್ಲಿ ಅದನ್ನು 900ಕ್ಕೆ ಇಳಿಸಿತು. ಆ ಮಿತಿಗಳ ಜೊತೆಗೇ, ಕಸ ಎಷ್ಟು ಎತ್ತಬೇಕು ಅನ್ನುವ ಕನಿಷ್ಠ ಮಟ್ಟವನ್ನು ಕಾರ್ಪೆಟ್‌ಗೆ ಬೇರೆ, ಗಟ್ಟಿ ನೆಲಕ್ಕೆ ಬೇರೆ ಇಟ್ಟಿತು. ನನಗೆ ಮುಖ್ಯ ಅನ್ನಿಸುವುದು ಆ ಬೇರೆ ಬೇರೆ ಅನ್ನುವುದೇ. ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಗೆಲ್ಲಬೇಕೆಂದಿಲ್ಲ.

ಅಲ್ಲಿ ವ್ಯಾಕ್ಯೂಮ್‌ಗಳ ಮೇಲೆ ಅಂಟಿಸುತ್ತಿದ್ದ, ಕರೆಂಟ್ ಬಳಕೆ ತೋರಿಸುವ ಲೇಬಲ್ಲಿನ ಕಥೆಯೂ ಕೇಳುವಂಥದ್ದು. ಪರೀಕ್ಷೆ ಮಾಡುತ್ತಿದ್ದದ್ದು ಧೂಳಿನ ಡಬ್ಬಿ ಖಾಲಿ ಇದ್ದಾಗ. ವ್ಯಾಕ್ಯೂಮ್ ತಯಾರಿಸುವ ಡೈಸನ್ ಕಂಪನಿ ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋಯಿತು, 2018ರಲ್ಲಿ ಲೇಬಲ್ ನಿಯಮವೇ ರದ್ದಾಯಿತು. ಖಾಲಿ ಡಬ್ಬಿಗೂ ತುಂಬಿದ ಡಬ್ಬಿಗೂ ಇರುವ ವ್ಯತ್ಯಾಸ ನಮ್ಮ ಅಡುಗೆಮನೆಯಲ್ಲೂ ಕಂಡಿತು. ಹಿಟ್ಟು ತೀರಾ ನುಣ್ಣಗಿನ ಪುಡಿ, ಅದು ಫಿಲ್ಟರಿನ ರಂಧ್ರಗಳಲ್ಲಿ ಕೂತುಬಿಡುತ್ತದೆ. ಡಬ್ಬಿ ಅರ್ಧ ತುಂಬುವ ಮುಂಚೆಯೇ ಯಂತ್ರದ ದನಿ ಬದಲಾಗಿ ಎಳೆತ ಕುಗ್ಗುತ್ತಿತ್ತು. ಫಿಲ್ಟರ್ ತೊಳೆಯಬಹುದು ಎಂದಿದ್ದರೂ ಪೂರ್ತಿ ಒಣಗದೆ ಹಾಕಬಾರದು, ಅದಕ್ಕೆ ಒಂದು ದಿನವಾದರೂ ಬೇಕು. ಹಸಿ ಫಿಲ್ಟರ್ ಹಾಕಿದರೆ ಧೂಳು ಮೆತ್ತಿಕೊಂಡು ಮುಗ್ಗಲು ವಾಸನೆ ಶುರುವಾಗುತ್ತದೆ. ಹಾಗಾಗಿ ಇನ್ನೊಂದು ಫಿಲ್ಟರ್ ಬಿಡಿಯಾಗಿ ಸಿಗುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ.

ಗಾಳಿ ಹೊರಗೆ ಬಿಡುವ ಕಿಂಡಿ ಎಲ್ಲಿದೆ ನೋಡುವುದನ್ನೂ ಮರೆಯಬೇಡಿ. ನಮ್ಮದರಲ್ಲಿ ಅದು ಕೆಳಗೆ, ನೆಲದ ಕಡೆಗಿತ್ತು. ಇನ್ನೂ ಹತ್ತಿರ ಹೋಗುವ ಮುಂಚೆಯೇ ಹಿಟ್ಟು, ಕೂದಲು, ಸಿಪ್ಪೆ ಆ ಗಾಳಿಗೆ ಹಾರಿ ಮೂಲೆ ಸೇರುತ್ತಿದ್ದವು.

ಒದ್ದೆಯ ಬಗ್ಗೆ ಎರಡು ಮಾತು, ಏಕೆಂದರೆ ಇದು ಅಪಾಯದ ವಿಷಯ. ಅಡುಗೆಮನೆ ನೆಲದಲ್ಲಿ ನೀರು ಇದ್ದೇ ಇರುತ್ತದೆ. ಒಣ ಕಸಕ್ಕೆಂದು ಮಾಡಿದ ಯಂತ್ರಕ್ಕೆ ನೀರು ಎಳೆಸಬೇಡಿ. ಮೋಟರ್ ಸುಡಬಹುದು, ಶಾಕ್ ಹೊಡೆಯಬಹುದು. ಬಿಸಿ ಬೂದಿಯನ್ನಂತೂ ಎಂದೂ ಎಳೆಸಬೇಡಿ. ಒಣ ಮತ್ತು ಒದ್ದೆ ಎರಡಕ್ಕೂ ಎಂದು ಕೈಪಿಡಿಯಲ್ಲೇ ಬರೆದಿದ್ದರೆ ಮಾತ್ರ ನಂಬಿ, ಮಾರುವವರ ಬಾಯಿಮಾತು ಸಾಲದು. ನೆಲ ತೊಳೆಯುವ ಯಂತ್ರವಾದರೆ ಕೊಳೆನೀರಿನ ಡಬ್ಬಿ ಮತ್ತು ರೋಲರ್ ಎರಡನ್ನೂ ಪ್ರತಿ ಸಲ ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ಗಬ್ಬು ನಾರುತ್ತದೆ.

ಹಾಗಾದರೆ ಯಾವುದು ಬೇಕು? ಗಟ್ಟಿ ನೆಲಕ್ಕೆಂದೇ ಮಾಡಿದ ಮೂತಿ. ಅದರಲ್ಲಿ ಮೆದು ಬಟ್ಟೆಯಂಥ ದಪ್ಪ ರೋಲರ್ ಇರುತ್ತದೆ, ಮುಂಭಾಗ ತೆರೆದಿರುತ್ತದೆ. ರೋಲರ್ ಕಾಳನ್ನು ಸಿಡಿಸದೆ ಒಳಕ್ಕೆ ಸೆಳೆದುಕೊಳ್ಳುತ್ತದೆ, ನುಣ್ಣಗಿನ ಧೂಳನ್ನು ಒರೆಸಿದ ಹಾಗೆ ಎತ್ತುತ್ತದೆ. ತಿರುಗುವ ಬ್ರಷ್ಷೇ ಇಲ್ಲದ, ಸುತ್ತ ಮೆದು ಕೂದಲಿನ ಅಂಚಿರುವ ಸಾದಾ ಮೂತಿಯೂ ಸಾಕು. ಕೆಟ್ಟುಹೋಗುವ ಭಾಗ ಕಡಿಮೆ ಎಂದು ನಾನು ಅದನ್ನೇ ಜಾಸ್ತಿ ಇಷ್ಟಪಡುತ್ತೇನೆ. ಟೈಲ್ಸ್ ಸಂದಿನಲ್ಲಿ ಕೂತ ಕಸಕ್ಕೆ ಕಿರಿದಾದ ಕೊಳವೆ ಮೂತಿ ಜೊತೆಗಿರಲಿ.

ಕೈಯಲ್ಲಿ ತಳ್ಳುವ, ಕರೆಂಟ್ ಬೇಡದ ಸ್ವೀಪರ್ ಕೊಳ್ಳುವವರೂ ಎಚ್ಚರ. 1876ರಲ್ಲಿ ಅಮೆರಿಕದ ಮೆಲ್ವಿಲ್ ಬಿಸೆಲ್ ಪೇಟೆಂಟ್ ಪಡೆದ ಸ್ವೀಪರ್ ಕಾರ್ಪೆಟ್‌ಗೆಂದು ಮಾಡಿದ್ದು. ಇಂದಿಗೂ ಎಷ್ಟೋ ಮಾದರಿಗಳು ಕಾರ್ಪೆಟ್‌ಗೇ ಹೊಂದುತ್ತವೆ, ನುಣ್ಣಗಿನ ಟೈಲ್ಸ್ ಮೇಲೆ ಅವುಗಳ ಚಕ್ರ ಜಾರಿ ಬ್ರಷ್ ಸರಿಯಾಗಿ ತಿರುಗುವುದಿಲ್ಲ. ರೋಬೋಟ್ ಆದರೆ ಪಕ್ಕದ ಮೀಸೆಯಂಥ ಬ್ರಷ್ ಕಾಳು ಚಿಮ್ಮಿಸುತ್ತದೆ, ಅದರ ವೇಗ ಕಡಿಮೆ ಮಾಡಲು ಬರುತ್ತದೆಯೇ ಕೇಳಿ. ವೈರ್ ಇಲ್ಲದ ಯಂತ್ರ 40 ನಿಮಿಷ, 60 ನಿಮಿಷ ಓಡುತ್ತದೆ ಎಂದು ಹೇಳುವುದು ಹೆಚ್ಚಾಗಿ ಅತಿ ಕಡಿಮೆ ವೇಗದಲ್ಲಿ. ಪೂರ್ತಿ ವೇಗದಲ್ಲಿ ಎಷ್ಟು ಹೊತ್ತು ಎಂದು ಬೇರೆಯಾಗಿ ಕೇಳಿ.

ಗಾಜು ಒಡೆದರೆ ಯಾವ ಯಂತ್ರವನ್ನೂ ಮುಟ್ಟಬೇಡಿ, ಪೊರಕೆ ಮತ್ತು ಮೊರವೇ ಸರಿ. ಚೂರುಗಳು ಕೊಳವೆಯನ್ನೂ ಚೀಲವನ್ನೂ ಕುಯ್ಯುತ್ತವೆ.

ಅಂಗಡಿಯವರು ಕಾರ್ಪೆಟ್ ಮೇಲೆ ತೋರಿಸಲು ಬಂದರೆ, ಬರೀ ಟೈಲ್ಸ್ ಮೇಲೆ ತೋರಿಸಿ ಎಂದು ಹೇಳಿ. ಒಂದು ಹಿಡಿ ಸಕ್ಕರೆ, ಒಂದು ಚಮಚ ಹಿಟ್ಟು ಹಾಕಿಸಿ. ಯಂತ್ರದ ಹಿಂದೆ ನಿಂತು ಎಷ್ಟು ಸಿಡಿಯುತ್ತದೆ ನೋಡಿ. ನಾವು ವಾಪಸ್ ಕೊಡಲು ಹೋದಾಗ, ಒಮ್ಮೆ ಬಳಸಿದ ಯಂತ್ರ ತೆಗೆದುಕೊಳ್ಳುವುದಿಲ್ಲ, ಕಸ ಸಿಡಿಯುವುದು ದೋಷವಲ್ಲ ಎಂದರು. ವಾರಂಟಿ ಇದ್ದದ್ದು ಮೋಟರಿಗೆ ಮಾತ್ರ. ಬಳಸಿ ನೋಡಿದ ಮೇಲೂ ಎಷ್ಟು ದಿನದೊಳಗೆ ವಾಪಸ್ ಕೊಡಬಹುದು ಅನ್ನುವುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಬೇರೆ ಕಡೆ ನೋಡಿ.